ಎದೆಯ ಸ್ಕ್ಯಾನಿನಲ್ಲಿ ಅಕಸ್ಮಾತ್ ಕಂಡ ಗಂಟು: ಓದುಗರ ಪ್ರಶ್ನೆ, ಶ್ವಾಸಕೋಶ ವೈದ್ಯರ ಉತ್ತರ

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಬೇರೆ ಯಾವುದೋ ಕಾರಣಕ್ಕೆ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಯಾರೂ ಹುಡುಕದೆ ಇದ್ದ ಇನ್ನೇನೋ ಕಣ್ಣಿಗೆ ಬಿದ್ದು, ರಿಪೋರ್ಟಿನ ಒಂದು ಸಾಲಾಗಿ ಮನೆಗೆ ಬಂದು, ಮನೆಮಂದಿಯ ನಿದ್ದೆಯನ್ನು ಕೆಡಿಸಿದೆ. ಅಂಥ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಗುರುತು ತಿಳಿಯದಂತೆ ಊರಿನ ಹೆಸರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಮಾನ್ಯ ಡಾಕ್ಟರೇ, ನನಗೆ 52 ವರ್ಷ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೀಡಿ, ಸಿಗರೇಟಿನ ಅಭ್ಯಾಸವಿಲ್ಲ. ಕಳೆದ ತಿಂಗಳು ಬೈಕಿನಿಂದ ಬಿದ್ದಾಗ ಪಕ್ಕೆಲುಬು ಮುರಿದಿದೆಯೇ ಎಂದು ನೋಡಲು ಸಿ.ಟಿ. ಮಾಡಿಸಿದರು. ಎಲುಬಿಗೆ ಏನೂ ಆಗಿರಲಿಲ್ಲ; ಆದರೆ ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ 7 ಮಿ.ಮೀ. ನಾಡ್ಯೂಲ್ ಇದೆ ಎಂದು ಬರೆದಿದ್ದಾರೆ. ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಎಂದು ಇಲ್ಲಿನ ವೈದ್ಯರು ಹೇಳುತ್ತಾರೆ. ಹೈದರಾಬಾದಿಗೆ ಹೋಗಿ ಕೂಡಲೇ ಪೆಟ್ ಸ್ಕ್ಯಾನ್ ಮಾಡಿಸಿ, ಗಂಟನ್ನು ತೆಗೆಸಿಬಿಡು ಎಂದು ಅಳಿಯಂದಿರು ಒತ್ತಾಯಿಸುತ್ತಿದ್ದಾರೆ. ಆರು ತಿಂಗಳು ಸುಮ್ಮನೆ ಕೂತರೆ ರೋಗ ಬೆಳೆಯುವುದಿಲ್ಲವೇ? – ಒಬ್ಬ ಓದುಗರು, ಸಿಂಧನೂರು

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ. ಕಾಯಿರಿ ಎಂದು ಹೇಳಿದ ವೈದ್ಯರು ಕೈಚೆಲ್ಲಿದ್ದಾರೆ ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿರುವುದರಿಂದ ಆ ಸಲಹೆಯ ಹಿಂದಿನ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಶ್ವಾಸಕೋಶದೊಳಗೆ ಕಾಣುವ, 3 ಸೆಂ.ಮೀ.ಗಿಂತ ಚಿಕ್ಕದಾದ ದುಂಡನೆಯ ಮಚ್ಚೆಯನ್ನು ನಾಡ್ಯೂಲ್ ಎನ್ನುತ್ತಾರೆ. ಅದು ರೋಗದ ಹೆಸರಲ್ಲ. ಚಿತ್ರದಲ್ಲಿ ಕಂಡದ್ದರ ವರ್ಣನೆ ಮಾತ್ರ. ನಮ್ಮ ದೇಶದಲ್ಲಿ ಇಂಥ ಸಣ್ಣ ಗಂಟುಗಳು ಬಹುಪಾಲು ಎಂದೋ ಬಂದು, ನಮಗೆ ತಿಳಿಯದೆಯೇ ವಾಸಿಯಾದ ಕ್ಷಯ ಅಥವಾ ಬೇರೆ ಸೋಂಕಿನ ಗುರುತುಗಳು. ಕೆಲವು ಶ್ವಾಸಕೋಶದೊಳಗೇ ಇರುವ ಪುಟ್ಟ ದುಗ್ಧಗ್ರಂಥಿಗಳು. ಬೀಡಿ ಸಿಗರೇಟು ಸೇದಿದವರಲ್ಲಿಯೂ ಪರಿಸ್ಥಿತಿ ಬಹಳ ಬೇರೆಯಲ್ಲ. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಧೂಮಪಾನಿಗಳನ್ನು ಸೇರಿಸಿಕೊಂಡು ನಡೆಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಕಡಿಮೆ ವಿಕಿರಣದ ಸಿ.ಟಿ.ಯಲ್ಲಿ ಅನುಮಾನಾಸ್ಪದ ಎಂದು ಗುರುತಿಸಿದವುಗಳ ಪೈಕಿ ನೂರಕ್ಕೆ 96ರಷ್ಟು ಕೊನೆಗೆ ಕ್ಯಾನ್ಸರ್ ಆಗಿರಲಿಲ್ಲ.

ಗಟ್ಟಿ ಗಂಟಿನ, ಅಂದರೆ ಸ್ಕ್ಯಾನಿನಲ್ಲಿ ಮಬ್ಬಾಗಿರದೆ ಪೂರ್ತಿ ತುಂಬಿಕೊಂಡಂತೆ ಕಾಣುವ ಗಂಟಿನ, ವಿಷಯದಲ್ಲಿ ಮೊದಲು ನೋಡುವುದು ಅಳತೆಯನ್ನು. ಜಗತ್ತಿನ ಹೆಚ್ಚಿನ ವೈದ್ಯರು ಅನುಸರಿಸುವ, ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿಯ ಪ್ರಕಾರ, ಧೂಮಪಾನದಂಥ ಅಪಾಯದ ಹಿನ್ನೆಲೆಯಿಲ್ಲದ ವ್ಯಕ್ತಿಯಲ್ಲಿ 6 ಮಿ.ಮೀ.ಗಿಂತ ಚಿಕ್ಕ ಗಂಟಿಗೆ ಮರುಸ್ಕ್ಯಾನಿನ ಅಗತ್ಯವೇ ಇಲ್ಲ. 6ರಿಂದ 8 ಮಿ.ಮೀ. ಇದ್ದರೆ 6ರಿಂದ 12 ತಿಂಗಳೊಳಗೆ ಒಮ್ಮೆ ನೋಡಬೇಕು. ಅಗತ್ಯವೆನಿಸಿದರೆ 18ರಿಂದ 24 ತಿಂಗಳ ನಡುವೆ ಇನ್ನೊಮ್ಮೆ. 8 ಮಿ.ಮೀ. ದಾಟಿದರೆ ಮಾತ್ರ ಮೂರು ತಿಂಗಳಿಗೇ ಮರುಸ್ಕ್ಯಾನ್, ಹೆಚ್ಚು ಸಕ್ಕರೆ ಹೀರುವ ಜಾಗಗಳು ಹೊಳೆದು ಕಾಣುವ ಪೆಟ್ ಸ್ಕ್ಯಾನ್ ಅಥವಾ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ವಿಚಾರ ಬರುತ್ತದೆ. ನಿಮ್ಮ ಅಳತೆಯ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರರಲ್ಲಿ ಒಂದೆರಡಕ್ಕಿಂತ ಹೆಚ್ಚಿಲ್ಲ. ಮೇಲಿನ ಭಾಗದಲ್ಲಿರುವುದು ಅನುಮಾನವನ್ನು ಸ್ವಲ್ಪ ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ಹಳೆಯ ಕ್ಷಯದ ಗುರುತು ಉಳಿಯುವುದೂ ಹೆಚ್ಚಾಗಿ ಅಲ್ಲಿಯೇ.

ಇನ್ನು ಕಾಯುವ ಅವಧಿಯಲ್ಲಿ ಬೆಳೆಯುವ ಭಯ. ಗಟ್ಟಿಯಾಗಿ ಕಾಣುವ ಕ್ಯಾನ್ಸರ್ ಗಂಟು ಇಮ್ಮಡಿಯಾಗಲು ಸಾಮಾನ್ಯವಾಗಿ 100ರಿಂದ 400 ದಿನ ತೆಗೆದುಕೊಳ್ಳುತ್ತದೆ. ದುಂಡನೆಯ ವಸ್ತುವಿನ ವ್ಯಾಸ ಕಾಲುಭಾಗದಷ್ಟು ಹೆಚ್ಚಿದರೆ ಅದರ ಗಾತ್ರ ಸುಮಾರು ಎರಡರಷ್ಟಾಗುವುದರಿಂದ, 7 ಮಿ.ಮೀ. ಗಂಟು 9 ಮಿ.ಮೀ. ಸಮೀಪಕ್ಕೆ ಬಂದರೆ ಅದು ಇಮ್ಮಡಿಯಾಯಿತೆಂದೇ ಅರ್ಥ. ಒಂದು ತಿಂಗಳಿಗೇ ಸ್ಕ್ಯಾನ್ ಮಾಡಿದರೆ ಇಷ್ಟು ಸಣ್ಣ ವ್ಯತ್ಯಾಸವನ್ನು ನಂಬುವಂತೆ ಅಳೆಯಲು ಆಗುವುದಿಲ್ಲ. 2 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸವು ಉಸಿರು ಹಿಡಿದ ರೀತಿಯಿಂದ ಅಥವಾ ಅಳೆದವರ ಕೈಯಿಂದ ಬಂದಿರಬಹುದು. ಬೆಳವಣಿಗೆ ಇದ್ದರೆ ಅದು ಸ್ಪಷ್ಟವಾಗಿ ಕಾಣುವಷ್ಟು ದೀರ್ಘವಾಗಿಯೂ, ಚಿಕಿತ್ಸೆಯ ಅವಕಾಶ ಕೈತಪ್ಪದಷ್ಟು ಹ್ರಸ್ವವಾಗಿಯೂ ಇರುವಂತೆ ಈ ಆರು ತಿಂಗಳನ್ನು ಗೊತ್ತುಮಾಡಿದ್ದಾರೆ.

ಪೆಟ್ ಸ್ಕ್ಯಾನಿಗೆ ಈಗ ಹೋಗಬೇಡಿ. 8 ಮಿ.ಮೀ.ಗಿಂತ ಚಿಕ್ಕ ಗಂಟಿನ ಬಗ್ಗೆ ಅದು ಖಚಿತವಾಗಿ ಏನನ್ನೂ ಹೇಳಲಾರದು. ಮೇಲಾಗಿ ಕ್ಷಯದ ಗಂಟು ಕೂಡ ಅದರಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಹಣ ಖರ್ಚಾಗಿ, ಅನುಮಾನ ಇನ್ನಷ್ಟು ಗಟ್ಟಿಯಾಗಿ, ಬೇಡದ ಶಸ್ತ್ರಚಿಕಿತ್ಸೆಯವರೆಗೆ ಹೋದವರಿದ್ದಾರೆ.

ಇದಕ್ಕಿಂತ ಬೆಲೆಬಾಳುವ ಕೆಲಸವೊಂದನ್ನು ನೀವು ಇವತ್ತೇ ಮಾಡಬಹುದು. ಹಿಂದೆ ಎಂದಾದರೂ ಎದೆಯ ಎಕ್ಸ್‌ರೇ ಅಥವಾ ಸಿ.ಟಿ. ಮಾಡಿಸಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಅದೇ ಗಂಟು ಎರಡು ವರ್ಷ ಅಥವಾ ಅದಕ್ಕೂ ಹಿಂದಿನ ಸಿ.ಟಿ.ಯಲ್ಲಿ ಇದೇ ಅಳತೆಯಲ್ಲಿ ಕಂಡರೆ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮುಂದಿನ ಸ್ಕ್ಯಾನ್ ಕೂಡ ಬೇಕಾಗಲಿಕ್ಕಿಲ್ಲ. ಸ್ಕ್ಯಾನ್ ಕೇಂದ್ರದಿಂದ ಫಿಲ್ಮಿನ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಕಂಪ್ಯೂಟರಿನಲ್ಲಿ ಅಳೆದಷ್ಟು ನಿಖರವಾಗಿ ಫಿಲ್ಮಿನ ಮೇಲೆ ಅಳೆಯಲು ಆಗುವುದಿಲ್ಲ, ಮತ್ತು ನಮ್ಮ ಭಾಗದ ಬೇಸಿಗೆಗೆ ಕೆಲವು ಬಗೆಯ ಫಿಲ್ಮುಗಳು ಕಪ್ಪಾಗಿಬಿಡುತ್ತವೆ. ಮರುಸ್ಕ್ಯಾನ್ ಮಾಡಿಸುವಾಗ ಕಡಿಮೆ ವಿಕಿರಣದ, ಬಣ್ಣದ ಇಂಜೆಕ್ಷನ್ ಇಲ್ಲದ ಸಿ.ಟಿ. ಸಾಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ; ಸಾಧ್ಯವಾದರೆ ಅದೇ ಕೇಂದ್ರದಲ್ಲಿ ಮಾಡಿಸಿ, ಹಳೆಯ ಸಿ.ಡಿ.ಯನ್ನು ರೇಡಿಯಾಲಜಿಸ್ಟರ ಕೈಗೆ ಕೊಡಿ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ, ಮನೆಯವರಿಗೂ ತಿಳಿಸಿ. ಮೊದಲ ತಿಂಗಳು ನಿದ್ದೆಗೆಟ್ಟು, ಆರನೆಯ ತಿಂಗಳ ಹೊತ್ತಿಗೆ ಪೂರ್ತಿ ಮರೆತುಬಿಡುವುದನ್ನು ನಾನು ಹೆಚ್ಚು ಕಾಣುತ್ತೇನೆ, ಮತ್ತು ನನ್ನನ್ನು ನಿಜವಾಗಿ ಕಾಡುವುದು ಆ ಮರೆವು. ನಡುವೆ ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಅಥವಾ ಕೆಮ್ಮು ಎರಡು ವಾರ ಮೀರಿದರೆ ಆ ದಿನಾಂಕಕ್ಕೆ ಕಾಯದೆ ಹೋಗಿ ತೋರಿಸಬೇಕು.

ಪ್ರಶ್ನೆ: ನನಗೆ ಈಗ 30 ವರ್ಷ. 2021ರಲ್ಲಿ ಕೋವಿಡ್ ಬಂದಾಗ ತೆಗೆದ ಸಿ.ಟಿ.ಯಲ್ಲಿ ಎರಡೂ ಕಡೆ 3–4 ಮಿ.ಮೀ.ನ ಮೂರು ಗಂಟುಗಳಿದ್ದವು. ಅಂದಿನಿಂದ ಸಮಾಧಾನಕ್ಕಾಗಿ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಿದ್ದೇನೆ. ಯಾವುದೂ ಬೆಳೆದಿಲ್ಲ. ಇನ್ನೂ ಎಷ್ಟು ವರ್ಷ ಮುಂದುವರಿಸಬೇಕು? – ಓದುಗರು, ಬಳ್ಳಾರಿ

ಉತ್ತರ: ಇನ್ನು ಒಂದೂ ಬೇಡ. ಮೇಲೆ ಹೇಳಿದ ಮಾರ್ಗಸೂಚಿ 35 ವರ್ಷ ದಾಟಿದವರಿಗಾಗಿ ಇರುವಂಥದ್ದು. ಅದಕ್ಕಿಂತ ಕಿರಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಹಳ ಅಪರೂಪ. ಮಾರ್ಗಸೂಚಿ ಅನ್ವಯಿಸುವ ವಯಸ್ಸಿನವರಲ್ಲಿಯೂ, ಅಪಾಯದ ಹಿನ್ನೆಲೆ ಇಲ್ಲದಿದ್ದರೆ ಈ ಅಳತೆಯ ಗಂಟುಗಳಿಗೆ ಮರುಪರೀಕ್ಷೆಯನ್ನು ಅದು ಕೇಳುವುದಿಲ್ಲ. ನಿಮ್ಮವು ಇಷ್ಟು ವರ್ಷ ಬದಲಾಗದೆ ಉಳಿದಿವೆ.

ಸಮಾಧಾನಕ್ಕಾಗಿ ಮಾಡಿಸುವ ಸ್ಕ್ಯಾನಿಗೂ ಬೆಲೆ ಇದೆ. ಎದೆಯ ಸಾಮಾನ್ಯ ಸಿ.ಟಿ. ಒಂದಕ್ಕೆ ಸುಮಾರು 5ರಿಂದ 7 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ವರ್ಷವಿಡೀ ತಗಲುವುದು ಜಾಗತಿಕ ಸರಾಸರಿಯಲ್ಲಿ 2.4. ಅಗತ್ಯವಿದ್ದಾಗ ಈ ವಿಕಿರಣಕ್ಕೆ ಹೆದರಬೇಕಾಗಿಲ್ಲ. ಆದರೆ ಅಗತ್ಯವೇ ಇಲ್ಲದಾಗ, ಅದರಲ್ಲೂ ಎಳೆಯ ವಯಸ್ಸಿನಲ್ಲಿ, ಪ್ರತಿ ವರ್ಷ ಅದನ್ನು ಮೈಮೇಲೆ ಹಾಕಿಕೊಳ್ಳುವುದು ತಪ್ಪು. ನಿಮಗೆ ಹಿಂದೆ ಯಾವುದೇ ಕ್ಯಾನ್ಸರ್ ಆಗಿದ್ದರೆ ಅಥವಾ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ನಡೆಯುತ್ತಿದ್ದರೆ ಮಾತ್ರ ಈ ಉತ್ತರ ಅನ್ವಯಿಸುವುದಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಗಣಿಯಲ್ಲಿ ಡ್ರಿಲ್ಲಿಂಗ್ ಯಂತ್ರ ನಡೆಸಿ ನಿವೃತ್ತರಾಗಿದ್ದಾರೆ. ಚಿಕ್ಕಂದಿನಿಂದ ಬೀಡಿ ಸೇದುತ್ತಾರೆ. ನ್ಯುಮೋನಿಯಾ ಎಂದು ಸ್ಕ್ಯಾನ್ ಮಾಡಿದಾಗ ಬೇರೊಂದು ಜಾಗದಲ್ಲಿ 12 ಮಿ.ಮೀ. ಗಂಟು, ಅಂಚು ಮುಳ್ಳುಮುಳ್ಳಾಗಿದೆ ಎಂದು ರಿಪೋರ್ಟ್ ಬಂದಿದೆ. ಬಯಾಪ್ಸಿ ಮಾಡಿಸಬೇಕು ಎನ್ನುತ್ತಾರೆ. ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತದೆ ಎಂದು ದೊಡ್ಡಪ್ಪ ತಡೆದಿದ್ದಾರೆ. ಅಪ್ಪನಿಗೆ ನಾವು ಇನ್ನೂ ಏನೂ ಹೇಳಿಲ್ಲ. – ಮಗಳು, ಸಂಡೂರು

ಉತ್ತರ: ಸಿಂಧನೂರಿನವರಿಗೆ ಕಾಯಿರಿ ಎಂದ ನಾನು ನಿಮಗೆ ಕಾಯಬೇಡಿ ಎನ್ನುತ್ತೇನೆ. ವಯಸ್ಸು, ದಶಕಗಳ ಬೀಡಿ, 8 ಮಿ.ಮೀ. ದಾಟಿದ ಅಳತೆ, ಮುಳ್ಳುಮುಳ್ಳಾದ ಅಂಚು, ಇವೆಲ್ಲ ಒಂದೇ ಕಡೆಗೆ ಬೊಟ್ಟು ಮಾಡುತ್ತಿವೆ. ಅದಿರಿನ ಗಣಿಯಲ್ಲಿ ಬಂಡೆ ಕೊರೆಯುವವರು ಉಸಿರಾಡುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಅದೇ ದೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಗಂಟುಗಳನ್ನೂ ತರುತ್ತದೆ, ಕ್ಷಯಕ್ಕೂ ದಾರಿ ಮಾಡುತ್ತದೆ. ಆದ್ದರಿಂದ ಇದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಏನೆಂದು ತಿಳಿಯದೆ ಬಿಡುವ ಗಂಟು ಇದಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅವರು ಯಾವ ಕೆಲಸವನ್ನು ಎಷ್ಟು ವರ್ಷ ಮಾಡಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ಕೊಡಿ. ರೋಗಿಗಳು ಇದನ್ನು ತಾವಾಗಿ ಹೇಳುವುದು ಕಡಿಮೆ, ನಾವು ವೈದ್ಯರು ಕೇಳುವುದೂ ಕಡಿಮೆ.

ಸೂಜಿಯಿಂದ ರೋಗ ಹರಡುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಮತ್ತು ಬಹಳ ಜನರ ಪ್ರಾಣಕ್ಕೆ ಎರವಾಗಿದೆ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಅತ್ಯಂತ ವಿರಳ. ನಿಜವಾದ ತೊಂದರೆ ಬೇರೆ: ಸಿ.ಟಿ. ನೋಡಿಕೊಂಡು ಶ್ವಾಸಕೋಶಕ್ಕೆ ಸೂಜಿ ಹಾಕಿದಾಗ ನೂರರಲ್ಲಿ ಹದಿನೈದರಿಂದ ಇಪ್ಪತ್ತೈದು ಮಂದಿಗೆ ಎದೆಗೂಡಿನಲ್ಲಿ ಸ್ವಲ್ಪ ಗಾಳಿ ಸೇರಿಕೊಳ್ಳುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಇಳಿಯುತ್ತದೆ, ಕೆಲವರಿಗೆ ಮಾತ್ರ ಗಾಳಿ ಹೊರತೆಗೆಯುವ ಟ್ಯೂಬ್ ಹಾಕಬೇಕಾಗುತ್ತದೆ. ಬೀಡಿಯಿಂದ ಶ್ವಾಸಕೋಶ ಸಡಿಲಗೊಂಡವರಲ್ಲಿ ಈ ಸಾಧ್ಯತೆ ಹೆಚ್ಚು. ಆದ್ದರಿಂದಲೇ ಬಯಾಪ್ಸಿಯನ್ನು ಟ್ಯೂಬ್ ಹಾಕುವ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಮಾಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಪೆಟ್ ಸ್ಕ್ಯಾನ್ ಇವರಿಗೆ ಉಪಯುಕ್ತವಾಗಬಹುದು. ಆದರೆ ಗಂಟು ಹೊಳೆದ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸಬಾರದು. ಅಂತಿಮ ಮಾತು ಮಾದರಿಯ ಪರೀಕ್ಷೆಯದೇ.

ಒಂದು ಸಣ್ಣ ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ತೆಗೆದ ಮಾದರಿಯನ್ನು ಪೂರ್ತಿಯಾಗಿ, ಅದು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಕ್ಷಯದ ರೋಗಾಣುಗಳು ಅದರಲ್ಲಿ ಸತ್ತುಹೋಗಿ, ಅವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಲು ಆಗುವುದಿಲ್ಲ. ಒಂದು ಭಾಗವನ್ನು ಸಲೈನಿನಲ್ಲಿ ಹಾಕಿ ಟಿ.ಬಿ. ಪರೀಕ್ಷೆಗೂ ಕಳುಹಿಸಿ ಎಂದು ಮೊದಲೇ ವಿನಂತಿಸಿಕೊಳ್ಳಿ. ಇದನ್ನು ಮರೆತ ಕಾರಣಕ್ಕೆ ಎರಡನೆಯ ಸಲ ಸೂಜಿ ಚುಚ್ಚಿಸಿಕೊಳ್ಳುವ ಪ್ರಸಂಗ ಬರುತ್ತದೆ. ಹಾಗೆಯೇ, ಕ್ಯಾನ್ಸರ್ ಕಣಗಳು ಕಾಣಲಿಲ್ಲ ಎಂಬ ರಿಪೋರ್ಟ್ ಬಂದ ಮಾತ್ರಕ್ಕೆ ಇಂಥ ಗಂಟನ್ನು ಬಿಟ್ಟುಬಿಡುವಂತಿಲ್ಲ. ಸೂಜಿ ಗುರಿ ತಪ್ಪಿರಬಹುದು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಹೋಗಿ, ಅಗತ್ಯವಿದ್ದರೆ ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ರೆಫರಲ್ ಪತ್ರ ಪಡೆಯಿರಿ.

ತಂದೆಯವರಿಗೆ ವಿಷಯ ತಿಳಿಸಿ. ತಮ್ಮ ಎದೆಗೆ ಸೂಜಿ ಏಕೆ ಹಾಕುತ್ತಿದ್ದಾರೆ ಎಂದು ತಿಳಿಯುವ ಹಕ್ಕು ಅವರದು. ಕ್ಯಾನ್ಸರ್ ಆಗಿದ್ದರೂ ಇಷ್ಟು ಚಿಕ್ಕದಿರುವಾಗ, ಬೇರೆಡೆ ಹರಡಿರದಿದ್ದರೆ ಮತ್ತು ಉಸಿರಾಟದ ಸಾಮರ್ಥ್ಯ ಸಾಕಷ್ಟಿದ್ದರೆ, ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುವ ಅವಕಾಶವಿರುತ್ತದೆ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಸಿ.ಟಿ. ಮಾಡಿಸಿಕೊಂಡವರ ಗುಂಪಿನಲ್ಲಿ, ಎಕ್ಸ್‌ರೇ ಮಾತ್ರ ಮಾಡಿಸಿಕೊಂಡವರಿಗಿಂತ ಶ್ವಾಸಕೋಶ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ಕಡಿಮೆಯಾದದ್ದು ಇಂಥವು ಬೇಗ ಸಿಕ್ಕಿದ್ದರಿಂದಲೇ. ಈ ಮಾತನ್ನೂ ಅವರಿಗೆ ಹೇಳಿ, ಬೀಡಿಯನ್ನು ಇವತ್ತಿಗೇ ಬಿಡಿಸಿ.

ಪ್ರಶ್ನೆ: ನಾನು 45 ವರ್ಷದ ಶಿಕ್ಷಕಿ. ಹೈಸ್ಕೂಲಿನಲ್ಲಿದ್ದಾಗ ಟಿ.ಬಿ. ಆಗಿ ಪೂರ್ತಿ ಔಷಧ ತೆಗೆದುಕೊಂಡಿದ್ದೆ. ಈಗ ಪಿತ್ತಕೋಶದ ಆಪರೇಷನ್ನಿಗೆ ಮುಂಚೆ ಮಾಡಿದ ಸ್ಕ್ಯಾನಿನಲ್ಲಿ ‘ಫೈಬ್ರೋಟಿಕ್ ಬ್ಯಾಂಡ್, ಕ್ಯಾಲ್ಸಿಫೈಡ್ ಗ್ರಾನ್ಯುಲೋಮಾ, ಒಂದು ಸೆಂ.ಮೀ. ಒಳಗಿನ ಗ್ರಂಥಿಗಳು’ ಎಂದಿದೆ. ಕೆಮ್ಮು, ಜ್ವರ ಏನೂ ಇಲ್ಲ. ಮುನ್ನೆಚ್ಚರಿಕೆಗೆ ಆರು ತಿಂಗಳು ಟಿ.ಬಿ. ಮಾತ್ರೆ ತೆಗೆದುಕೊಳ್ಳಿ ಎಂದು ಒಬ್ಬರು ಬರೆದುಕೊಟ್ಟಿದ್ದಾರೆ. ತೆಗೆದುಕೊಳ್ಳಲೇ? – ಓದುಗರು, ಕೊಪ್ಪಳ

ಉತ್ತರ: ಪರೀಕ್ಷೆಯಿಲ್ಲದೆ ತೆಗೆದುಕೊಳ್ಳಬೇಡಿ. ನೀವು ಉಲ್ಲೇಖಿಸಿದ ಮೊದಲ ಎರಡು ಮಾತುಗಳು ಮಾಗಿದ ಗಾಯದ ಕಲೆಯನ್ನು ವರ್ಣಿಸುತ್ತಿವೆ. ಫೈಬ್ರೋಟಿಕ್ ಬ್ಯಾಂಡ್ ಎಂದರೆ ಸೋಂಕು ಆರಿದ ಜಾಗದಲ್ಲಿ ಬಿಗಿದುಕೊಂಡ ನಾರು. ಕ್ಯಾಲ್ಸಿಫೈಡ್ ಗ್ರಾನ್ಯುಲೋಮಾ ಎಂದರೆ ದೇಹವು ಹಳೆಯ ರೋಗಾಣುಗಳನ್ನು ಸುತ್ತುವರಿದು ಸುಣ್ಣದಂಶದಿಂದ ಮುಚ್ಚಿದ ಗಂಟು. ಇಡೀ ಗಂಟಿನಲ್ಲಿ ಅಥವಾ ಅದರ ನಡುಮಧ್ಯದಲ್ಲಿ ಹೀಗೆ ಸುಣ್ಣದಂಶ ತುಂಬಿದ್ದರೆ ಅದು ಹಾನಿಯಿಲ್ಲದ್ದು ಎಂಬುದಕ್ಕೆ ನಮಗೆ ಸಿಗುವ ಅತ್ಯಂತ ಗಟ್ಟಿಯಾದ ಸಾಕ್ಷಿ ಅದೇ. ಎದೆಯ ನಡುವಿನ ಒಂದು ಸೆಂ.ಮೀ. ಒಳಗಿನ ಗ್ರಂಥಿಗಳು ಆರೋಗ್ಯವಂತರಲ್ಲಿಯೂ ಇರುತ್ತವೆ. ಫೈಬ್ರೋಸಿಸ್ ಎಂಬ ಮಾತನ್ನು ಕೇಳಿ ಶ್ವಾಸಕೋಶವೆಲ್ಲ ಗಟ್ಟಿಯಾಗುವ ಕಾಯಿಲೆ ಎಂದು ಕೆಲವರು ಕಂಗಾಲಾಗುತ್ತಾರೆ. ಒಂದೆಡೆ ಉಳಿದ ನಾರಿಗೂ ಆ ಕಾಯಿಲೆಗೂ ಸಂಬಂಧವಿಲ್ಲ.

ರಿಪೋರ್ಟಿನ ಕೊನೆಯಲ್ಲಿ ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡಿ ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ವೈದ್ಯರು ಪಾಲಿಸಲೆಂದೇ ಬರೆಯಲಾಗಿದೆ. ಚಿತ್ರವೊಂದನ್ನೇ ನೋಡಿ ಆರು ತಿಂಗಳ ಔಷಧ ಶುರುಮಾಡುವುದು ನಮ್ಮ ಭಾಗದಲ್ಲಿ ಇನ್ನೂ ನಿಂತಿಲ್ಲ ಎಂಬುದು ನನಗೆ ನೋವಿನ ಸಂಗತಿ. ಟಿ.ಬಿ. ಔಷಧಗಳಾದ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಈ ಮೂರೂ ಯಕೃತ್ತಿಗೆ ಪೆಟ್ಟು ಕೊಡಬಲ್ಲವು. ಪಿತ್ತಕೋಶದ ತೊಂದರೆ ಇರುವವರಲ್ಲಿ ಕಾಮಾಲೆ ಬಂದರೆ ಅದು ಯಾವುದರಿಂದ ಎಂದು ಬಿಡಿಸುವುದೇ ಕಷ್ಟವಾಗುತ್ತದೆ. ಹಾಗೆಂದು ಅನುಮಾನವನ್ನು ಇಟ್ಟುಕೊಂಡು ಕೂರಬೇಕಾಗಿಲ್ಲ. ಬಾಲ್ಯದ ಎಕ್ಸ್‌ರೇ ಸಿಗದಿದ್ದರೂ ಇತ್ತೀಚಿನದೊಂದು ಸಿಕ್ಕರೆ ಹೋಲಿಸಿ ನೋಡಲಿ. ಕಫ ಬರುತ್ತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಅದರೊಳಗಿನ ಟಿ.ಬಿ. ರೋಗಾಣುವನ್ನು ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತಾರೆ. ಸಿಬಿನಾಟ್ ಯಂತ್ರವು ರೋಗಾಣು ಇದೆಯೇ, ಇದ್ದರೆ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನು ಎರಡು ಗಂಟೆಯ ಹೊತ್ತಿನಲ್ಲಿ ತಿಳಿಸುತ್ತದೆ. ಹಿಂದೆ ಒಮ್ಮೆ ಔಷಧ ತೆಗೆದುಕೊಂಡವರಿಗೆ ಈ ಎರಡನೆಯ ಮಾಹಿತಿ ಬಹಳ ಮುಖ್ಯ. ಕಫವೂ ಇಲ್ಲ, ಬೇರೆ ಲಕ್ಷಣವೂ ಇಲ್ಲವೆಂದರೆ ನಿಮ್ಮ ಶಸ್ತ್ರಚಿಕಿತ್ಸೆಯನ್ನು ಈ ರಿಪೋರ್ಟಿಗಾಗಿ ಮುಂದೂಡಬೇಕಾದ ಕಾರಣ ಕಾಣುವುದಿಲ್ಲ. ಅರಿವಳಿಕೆ ವೈದ್ಯರಿಗೆ ಹಳೆಯ ಕಾಯಿಲೆಯನ್ನು ತಿಳಿಸಿದರೆ ಸಾಕು.

ಹಳೆಯ ಟಿ.ಬಿ. ಜಾಗದಲ್ಲಿ ಟೊಳ್ಳು ಉಳಿದು ಅದರಲ್ಲಿ ಶಿಲೀಂಧ್ರ ಬೆಳೆಯುವುದುಂಟು, ಶ್ವಾಸನಾಳ ಹಿಗ್ಗಿ ರಕ್ತ ಬರುವುದೂ ಉಂಟು. ನಿಮ್ಮ ರಿಪೋರ್ಟಿನಲ್ಲಿ ಅಂಥದ್ದೇನೂ ಇಲ್ಲ. ಆದರೆ ಮುಂದೆ ಎಂದಾದರೂ ಕೆಮ್ಮಿದಾಗ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎದೆಯ ಸಿ.ಟಿ.ಯಲ್ಲಿ ಥೈರಾಯ್ಡಿನಲ್ಲಿ 9 ಮಿ.ಮೀ. ಗಂಟು ಕಂಡಿದೆ. ವಯಸ್ಸು 41. ಸೂಜಿ ಪರೀಕ್ಷೆ ಬೇಕೇ? – ಓದುಗರು, ಗಂಗಾವತಿ

ಉತ್ತರ: ಬೇಡ. 35 ವರ್ಷ ದಾಟಿದವರಲ್ಲಿ, ಅಕಸ್ಮಾತ್ ಕಂಡ ಥೈರಾಯ್ಡ್ ಗಂಟು 15 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅಲ್ಟ್ರಾಸೌಂಡ್ ಮಾಡಿಸಬೇಕು ಎಂಬುದು ಅಮೆರಿಕದ ರೇಡಿಯಾಲಜಿಸ್ಟರ ಕಾಲೇಜಿನ ಸಲಹೆ. ಅದಕ್ಕಿಂತ ಕಿರಿಯರಿಗೆ ಆ ಅಳತೆ 10 ಮಿ.ಮೀ. ಕುತ್ತಿಗೆಯ ಗ್ರಂಥಿಗಳು ದಪ್ಪವಾಗಿವೆ ಅಥವಾ ಗಂಟು ಸುತ್ತಲಿಗೆ ಚಾಚಿದೆ ಎಂದು ರಿಪೋರ್ಟಿನಲ್ಲಿ ಇದ್ದರೆ, ಧ್ವನಿ ಬದಲಾಗಿದ್ದರೆ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಅಳತೆ ನೋಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನಗೆ 57. ಸಕ್ಕರೆ ಕಾಯಿಲೆ ಇದೆ, ಗುಟ್ಕಾ ಅಭ್ಯಾಸವಿತ್ತು, ಈಗ ಎಲೆ ಅಡಿಕೆ ಸುಣ್ಣ ಮಾತ್ರ. ದೂಳಿನ ಕೆಮ್ಮಿಗೆ ಮಾಡಿಸಿದ ಸ್ಕ್ಯಾನಿನಲ್ಲಿ ಶ್ವಾಸಕೋಶ ಚೆನ್ನಾಗಿದೆ, ಆದರೆ ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿದೆ ಎಂದು ಕೊನೆಯಲ್ಲಿ ಬರೆದಿದ್ದಾರೆ. ಡಾಕ್ಟರು ಅದರ ಬಗ್ಗೆ ಏನೂ ಹೇಳಲಿಲ್ಲ. ಹಾಲು ಮತ್ತು ಸುಣ್ಣ ಬಿಡಬೇಕೇ? – ಓದುಗರು, ಲಿಂಗಸುಗೂರು

ಉತ್ತರ: ಎಲ್ಲರೂ ಶ್ವಾಸಕೋಶದ ಗಂಟನ್ನು ಹುಡುಕುವ ಗಡಿಬಿಡಿಯಲ್ಲಿ ದಾಟಿಹೋಗುವ ಸಾಲು ಇದು. 3 ಮಿ.ಮೀ. ಗಂಟಿಗಿಂತ ಈ ಒಂದು ಸಾಲು ಆಯುಷ್ಯದ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕ್ಯಾಲ್ಸಿಯಂ ಹಾಲಿನಿಂದಲೋ, ಎಲೆಗೆ ಹಚ್ಚುವ ಸುಣ್ಣದಿಂದಲೋ ಬಂದದ್ದಲ್ಲ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿ, ಉರಿಯೂತವಾಗಿ, ಕಾಲಾನಂತರದಲ್ಲಿ ಆ ಜಾಗ ಗಟ್ಟಿಯಾಗುತ್ತದೆ; ಸ್ಕ್ಯಾನಿನಲ್ಲಿ ಕಾಣುವುದು ಅದೇ. ಹಾಲನ್ನು ಬಿಡಬೇಕಾಗಿಲ್ಲ. ಎಲೆ ಅಡಿಕೆಯನ್ನು ಬಿಡಿ, ಆದರೆ ಅದು ಬಾಯಿಯ ಕ್ಯಾನ್ಸರಿನ ಕಾರಣಕ್ಕಾಗಿ.

ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುವುದು ಅಥವಾ ಉಸಿರು ಕಟ್ಟುವುದು ಇಲ್ಲವೆಂದರೆ, ಕ್ಯಾಲ್ಸಿಯಂ ಕಂಡ ಮಾತ್ರಕ್ಕೆ ಆಂಜಿಯೋಗ್ರಾಂ ಮಾಡಿಸಬೇಕಾಗಿಲ್ಲ. ಆದರೆ ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ, ಸ್ಕ್ಯಾನ್ ರಿಪೋರ್ಟಿನ ಆ ಸಾಲಿಗೆ ಗೆರೆ ಎಳೆದು ನಿಮ್ಮ ಸಕ್ಕರೆ ಕಾಯಿಲೆಯ ವೈದ್ಯರ ಮುಂದೆ ಇಡಿ. ಈ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಹೇಗೂ ಬೇಕು. ಕ್ಯಾಲ್ಸಿಯಂ ಕಂಡಮೇಲೆ ಅದನ್ನು ಮುಂದೂಡಲು ಯಾವ ನೆಪವೂ ಉಳಿಯುವುದಿಲ್ಲ. ಆಸ್ಪಿರಿನ್ ಮಾತ್ರೆಯನ್ನು ಮಾತ್ರ ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವಿದೆ, ನಿಮಗೆ ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ಕೆಮ್ಮಿಗೆ ಶ್ವಾಸಕೋಶದಲ್ಲಿ ಕಾರಣ ಸಿಕ್ಕಿಲ್ಲವಾದ್ದರಿಂದ, ರಕ್ತದೊತ್ತಡಕ್ಕೆ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ಗುಂಪಿನ ಮಾತ್ರೆ ನಡೆಯುತ್ತಿದೆಯೇ ಎಂಬುದನ್ನೂ ಅವರಲ್ಲಿ ಕೇಳಿ. ಒಣ ಕೆಮ್ಮು ಆ ಮಾತ್ರೆಗಳಿಂದಲೂ ಬರುತ್ತದೆ.